ನಾಲ್ಕನೇ ಗುಂಡಿ

ಬಳ್ಳಾರಿಯಲ್ಲಿ ಗುಂಡಿ ಅಂದರೆ ಮೊದಲು ಕೇಳಬೇಕು: ಯಾವುದು?
ಸಂಡೂರಿನ ಕಡೆ ಅದಿರು ತೋಡಿ ಬಿಟ್ಟದ್ದೋ,
ಕೌಲ್ ಬಜಾರಿನ ಜೀನ್ಸಿಗೆ ಹೊಡೆಯುವ ಹಿತ್ತಾಳೆಯದೋ,
ನಾಲ್ಕು ಹನಿ ಬಿದ್ದರೆ ರಸ್ತೆ ನಡುವೆ ಬಾಯಿ ತೆರೆಯುವುದೋ.
ಗಾದಿಲಿಂಗಪ್ಪ ಫೋನಿನಲ್ಲಿ ಅಂದದ್ದು ಇಷ್ಟೇ:
"ಗುಂಡಿಗೆ ಹುಚ್ಚು ಹಿಡದೈತೆ, ಬಾ."

ಹೋದೆ. ಇನ್ನೂ ಬಣ್ಣದ ವಾಸನೆ ಆರದ ಮನೆ.
ಗೋಡೆಯ ಮೇಲೆ ನಾನೇ ಕೂರಿಸಿದ ಗಾಜಿನ ಪಟ್ಟಿ,
ಆರು ಗುಂಡಿ, ಆರು ಚಿತ್ರ.
ನಾಲ್ಕನೆಯದು ಚಂದ್ರ.
ಒತ್ತಿದರೆ ಮನೆಯೆಲ್ಲ ಆರಬೇಕು,
ಬಚ್ಚಲ ದಾರಿಗೆ ಒಂದೇ ಒಂದು ಮಿಣುಕು ಉಳಿಯಬೇಕು.

ಆದರೆ ರಾತ್ರಿ ಹತ್ತೂವರೆಗೆ
ಚಂದ್ರನನ್ನು ಮುಟ್ಟಿದ್ದೇ ತಡ
ಪಡಸಾಲೆ, ಮೆಟ್ಟಿಲು, ಮಾಳಿಗೆ, ಕಾಂಪೌಂಡು,
ಸಂಪಿನ ಮೇಲೆ ಎಲ್ಲರೂ ಮರೆತ ಬಲ್ಬು ಕೂಡ
ಧಗ್ಗನೆ ಹೊತ್ತಿಕೊಳ್ಳುತ್ತವಂತೆ.
ಎದುರು ಮನೆಯವರು ಎರಡು ಸಲ ಕೇಳಿದ್ದಾರೆ:
"ಏನ್ರಿ, ನಿಶ್ಚಿತಾರ್ಥನಾ?"

ನಾನು ಒತ್ತಿದೆ. ಆರಿತು.
ನನ್ನ ಹುಡುಗ ತಿಪ್ಪೇಶ ಒತ್ತಿದ. ಆರಿತು.
ಗಾದಿಲಿಂಗಪ್ಪ ಒತ್ತಿದ. ಆರಿತು. ಅವನು ನಾಚಿದ.
ಡಾಕ್ಟರ ಮುಂದೆ ಮಾಯವಾಗುವುದು ಹಲ್ಲುನೋವೊಂದೇ ಅಲ್ಲ.

ಬಿಚ್ಚಿದೆ. ಒಳಗೆ ಕೆಂಪು ಧೂಳು.
ಈ ಊರಿನಲ್ಲಿ ಅದು ಹೊಗದ ಒಳಗು ಯಾವುದಿದೆ?
ಬ್ರಶ್ಶಿನಲ್ಲಿ ಗುಡಿಸಿದೆ, ವೈರು ಬಿಗಿ ಮಾಡಿದೆ,
ಮೇನ್ ಇಳಿಸಿ, ಹತ್ತು ಎಣಿಸಿ, ಮತ್ತೆ ಏರಿಸಿದೆ.
ಮೂರನೇ ದಿನ ಪಟ್ಟಿಯನ್ನೇ ಬದಲಿಸಿದೆ,
ಹೊಸದಕ್ಕೂ ಅದೇ ಹುಚ್ಚು.
ಹೈದರಾಬಾದಿನ ಕಂಪನಿಯವನು "ಅಪ್‌ಡೇಟ್ ಹಾಕಿ" ಅಂದ.
ಗೊತ್ತಾಗದಿದ್ದಾಗ ಹೇಳುವ ಮಾತು ಅದು,
ನಾನೂ ಹೇಳುತ್ತೇನೆ, ಬೇರೆಯವರಿಗೆ.
ಹಾಕಿದೆ.

ಐದನೇ ರಾತ್ರಿ ಅವರ ಮನೆಯಲ್ಲೇ ರೊಟ್ಟಿ ತಿಂದು
ಕಳ್ಳನನ್ನು ಕಾಯುವವನ ಹಾಗೆ ಮೂಲೆಯಲ್ಲಿ ಕೂತೆ.
ಹತ್ತೂವರೆಗೆ ಗಾದಿಲಿಂಗಪ್ಪನ ತಾಯಿ ಹೊನ್ನೂರಮ್ಮ ಬಂದರು,
ಬಾಯಲ್ಲಿ ಎಲೆ ಅಡಿಕೆ, ಸೆರಗಿನಲ್ಲಿ ಕೈ ಒರೆಸುತ್ತ.
ಕೊನೆಯ ದೀಪ ಆರಿಸುವ ಹಕ್ಕು
ಹಳೇ ಮನೆಯಲ್ಲೂ ಅವರದೇ, ಇಲ್ಲೂ ಅವರದೇ.
ಬಲಗೈ ಹೆಬ್ಬೆರಳು ಚಂದ್ರನ ಮೇಲೆ ಊರಿ

ಟಕ್.
ಟಕ್.

ಮನೆ ಮದುವೆ ಮನೆಯಾಯಿತು.

"ಎರಡು ಸಲ ಯಾಕ್ ಒತ್ತಿದ್ರಿ ಅಮ್ಮಾ?"
"ಎಲ್ಲಿ? ಒಂದೇ ಸಲ ಒತ್ತೀನಲ್ಲಪ್ಪಾ."

ಸುಳ್ಳಲ್ಲ ಅದು.
ಇಪ್ಪತ್ತೆರಡು ವರ್ಷ ತಗಡಿನ ಶೆಡ್ಡಿನ ಕೆಳಗೆ ಕೂತು
ಜೀನ್ಸಿನ ಸೊಂಟಕ್ಕೆ ಗುಂಡಿ ಹೊಡೆದ ಕೈ.
ಒಂದು ಒತ್ತು ಕೂರಿಸಲು, ಇನ್ನೊಂದು ಕಚ್ಚಿಸಲು.
ಎರಡೂ ಸೇರಿ ಒಂದು.
ಅಂಥ ಒಂದುಗಳು ದಿನಕ್ಕೆ ಸಾವಿರದ ಇನ್ನೂರು.
ಎರಡನೆಯದನ್ನು ಮರೆತವರ ಗುಂಡಿ
ಮೊದಲ ಒಗೆತಕ್ಕೇ ಉದುರುತ್ತಿತ್ತು,
ಉದುರಿದ್ದಕ್ಕೆ ಕೂಲಿ ಮುರಿಯುತ್ತಿದ್ದರು.
ಆ ಕೂಲಿಯಿಂದಲೇ ಮೊದಲ ಹೊಲಿಗೆ ಮಷೀನು,
ಆಮೇಲೆ ಮಗನ ಶೆಡ್ಡು, ಆಮೇಲೆ ಈ ಗೋಡೆ.

ಗೋಡೆಯ ಪಟ್ಟಿಗೆ ಈ ಲೆಕ್ಕ ಗೊತ್ತಿಲ್ಲ.
ಅರ್ಧ ಸೆಕೆಂಡಿನೊಳಗೆ ಎರಡು ಟಕ್ ಬಂದರೆ
ಎಲ್ಲ ಹೊತ್ತಿಸು ಅಂತ ಅದಕ್ಕೆ ಹೇಳಿಕೊಟ್ಟವನು ನಾನು.
ಕಳ್ಳ ಬಂದರೆ ಇರಲಿ ಅಂತ,
ಯಾರೂ ಕೇಳದೆ, ಯಾರಿಗೂ ಹೇಳದೆ.

ಫೋನಿನಲ್ಲಿ ಒಂದು ಸಾಲು ಅಳಿಸಿದೆ. ಅಷ್ಟೇ ರಿಪೇರಿ.
ಅಮ್ಮ ಮತ್ತೆ ಒತ್ತಿದರು, ಟಕ್ ಟಕ್,
ಕತ್ತಲು ತಂಬಿಗೆ ನೀರಿನ ಹಾಗೆ ಮನೆ ತುಂಬಿತು.

"ಏನ್ ಕೆಟ್ಟಿತ್ತೋ?"
"ಧೂಳು ಕುಂತಿತ್ತಮ್ಮಾ," ಅಂದೆ.

ಚೀಲ ಹೆಗಲಿಗೇರಿಸಿದೆ. ಬಚ್ಚಲ ದಾರಿಯ ಮಿಣುಕಿನಲ್ಲಿ
ಅವರು ನನ್ನನ್ನೇ ನೋಡುತ್ತ ನಿಂತಿದ್ದರು.
"ಖಾಸಿಂ, ಐದು ದಿನದಿಂದ ನೋಡಾಕ್ಹತ್ತೀನಿ,
ನಿನ್ನ ಅಂಗೀದು ನಾಲ್ಕನೇ ಗುಂಡಿ ಇಲ್ಲ.
ಬಿಚ್ಚಿ ಕೊಡು ಇತ್ಲಾಗೆ."