ಎಪ್ಪತ್ತರಿಂದ ಭಾಗಿಸು

ಲೆಕ್ಕ ಹೇಳಿಕೊಟ್ಟವನು ಅಣಜಿಯ ತಿಪ್ಪೇಶಿ,
ಆಸ್ಪತ್ರೆಯ ಮೂರನೇ ಮಹಡಿಗೂ ನಾಲ್ಕನೆಯದಕ್ಕೂ ನಡುವೆ
ಕರೆಂಟು ಹೋಗಿ ನನ್ನ ಲಿಫ್ಟು ನಿಂತಾಗ:
"ಸಂಬಳಾನ ಸರ್ವೀಸಿನಿಂದ ಗುಣಿಸು,
ಎಪ್ಪತ್ತರಿಂದ ಭಾಗಿಸು.
ಅಷ್ಟೇ ನೋಡಪ, ಐವತ್ತೆಂಟಾದ ಮೇಲೆ ತಿಂಗಳಾ ಬರೋದು."
ಎಪ್ಪತ್ತೇ ಯಾಕೆ ಅಂತ ಕೇಳಿದೆ.
ಅವನಿಗೂ ಗೊತ್ತಿಲ್ಲ. ಜನರೇಟರ್ ಶುರುವಾಯಿತು, ಮೇಲೆ ಹೋದೆವು.

ರಾತ್ರಿ ಗ್ಯಾಸ್ ಏಜೆನ್ಸಿಯ ಕ್ಯಾಲೆಂಡರಿನ ಹಾಳೆ ಹರಿದು,
ಜೂನ್ ಹೇಗೂ ಮುಗಿದಿತ್ತು, ಹಿಂಬದಿಯಲ್ಲಿ ಬರೆದೆ.
ಹನ್ನೊಂದು ಸಾವಿರದ ಇನ್ನೂರು.
ಎಪ್ಪತ್ತು ಮಂದಿ ಪಂಕ್ತಿಯಲ್ಲಿ ಕೂತ ಹಾಗೆ ಕಂಡರು,
ಮುಖವಿಲ್ಲ, ಎಲೆ ಮಾತ್ರ ಇದೆ.
ಒಂದೊಂದು ಎಲೆಗೆ ನೂರಾ ಅರವತ್ತು ಬಡಿಸಿದೆ.
ಹನ್ನೊಂದು ವರ್ಷಕ್ಕೆ ಹನ್ನೊಂದು ಎಲೆ ನನ್ನವು.
ಮಿಕ್ಕ ಐವತ್ತೊಂಬತ್ತು ಯಾರು ಉಂಡೆದ್ದರೋ!
ಸಾವಿರದ ಏಳ್ನೂರ ಅರವತ್ತು.

ಹಾಲವ್ವ ಭಟ್ಟಿಯಿಂದ ಬಂದು ಕಾಲು ತೊಳೆಯುತ್ತಿದ್ದಳು.
ಅವಳ ಸೆರಗು ಕೊಡವಿದರೆ ಎರಡು ಮಂಡಕ್ಕಿ ಉದುರುತ್ತವೆ,
ಹೊಗೆ ಉದುರುವುದಿಲ್ಲ.
"ಮತ್ತೆ ಮಿಲ್ಲಿಂದು?" ಅಂದಳು.

ಮಿಲ್ಲಿನ ಒಂಬತ್ತು ವರ್ಷ.
ದಾವಣಗೆರೆಗೆ ಆಗ ಸೈರನ್ನೇ ಕೋಳಿ.
ಕಿವಿಯಲ್ಲಿ ಹತ್ತಿ, ಮೂಗಿನಲ್ಲಿ ಹತ್ತಿ,
ಬುತ್ತಿಯ ಅನ್ನದ ಮೇಲೂ ಹತ್ತಿ.
ಗೇಟಿಗೆ ಬೀಗ ಬಿದ್ದ ಮೇಲೆ ಪಿ.ಎಫ್. ಗುಮಾಸ್ತ
ತಲೆಯೆತ್ತದೆ ಕೇಳಿದ್ದ: "ಪಿಂಚಣಿ ಪಾಲು ದುಡ್ಡಾಗಿ ತಗೋತೀಯೋ,
ಸರ್ಟಿಫಿಕೇಟಾಗಿ ಇಟ್ಕೋತೀಯೋ?
ಮುಂದೆ ಎಲ್ಲಾದರೂ ಸೇರಿದರೆ ಸರ್ವೀಸು ಕೂಡುತ್ತೆ."
ಮುಂದೆ ಎಂಬುದು ಆ ವರ್ಷ ಎಲ್ಲಿತ್ತು?
ದುಡ್ಡು ಅಂದೆ.
ಕೊಟ್ರೇಶಿ ಎಂದು ದುಂಡಗೆ ಸಹಿ ಹಾಕಿದೆ.

ಇದನ್ನೆಲ್ಲ ಹೇಳಲಿಲ್ಲ.
ಪೆನ್ನು ಬರೆಯುತ್ತಿಲ್ಲವೆಂಬಂತೆ ಜಾಡಿಸಿದೆ.
ಹಾಲವ್ವ ಮೇಲೆ ನೋಡಿದಳು.
"ಆ ದುಡ್ಡಿಗೇ ಅಲ್ಲೇನು ಈ ತಗಡು ಹಾಕ್ಸಿದ್ದು?
ಒಂಬತ್ತು ವರ್ಷ ಎಲ್ಲಿ ಹೋಗೇತಿ, ತಲಿ ಮ್ಯಾಲೆ ಐತಿ."

ಅವಳದು ಇಪ್ಪತ್ತೆಂಟು ವರ್ಷದ ಭಟ್ಟಿ.
ಚೀಟಿಯಿಲ್ಲ, ಹಾಜರಿಯಿಲ್ಲ,
ಎಪ್ಪತ್ತರಿಂದ ಭಾಗಿಸಲು ಮೇಲೊಂದು ಅಂಕಿಯೂ ಇಲ್ಲ.
ಅರವತ್ತೈದಕ್ಕೆ ಸರ್ಕಾರದ್ದು ಬರುತ್ತದಂತೆ, ಸಂಧ್ಯಾ ಸುರಕ್ಷಾ.
ತಾಲ್ಲೂಕು ಕಚೇರಿಯಲ್ಲಿ ಗಂಡನ ಆದಾಯವನ್ನೂ ಕೇಳುತ್ತಾರಂತೆ.
"ಅಂದ್ರೆ ನಿನ್ನ ಹನ್ನೊಂದು ನನ್ನ ಇಪ್ಪತ್ತೆಂಟನ್ನ ನುಂಗಿಬಿಟ್ರೆ?"
ನಕ್ಕಳು.
ನಾನು ಸ್ವಲ್ಪ ತಡೆದು ನಕ್ಕೆ.

ಐವತ್ತೆಂಟಕ್ಕೇ ಕೈಚಾಚದೆ ಅರವತ್ತರವರೆಗೆ ತಡೆದರೆ
ವರ್ಷಕ್ಕೆ ನೂರಕ್ಕೆ ನಾಲ್ಕು ಜಾಸ್ತಿ.
ಇದನ್ನೂ ತಿಪ್ಪೇಶಿಯೇ ಹೇಳಿದ್ದು, ತಾನು ಮಾತ್ರ ತಡೆಯಲಿಲ್ಲ.
ಖರ್ಚಿನ ಸಾಲು ಬರೆಯತೊಡಗಿದೆ:
ಬಾಡಿಗೆ ಇಲ್ಲ, ಅಕ್ಕಿ ರೇಷನ್ನಿನದು,
ಬಿ.ಪಿ. ಗುಳಿಗೆ, ಗ್ಯಾಸು, ಕರೆಂಟು,
ಹಾಲವ್ವನ ಕೆಮ್ಮಿಗೆ ಎಂದು ಬರೆದು
ಎಷ್ಟೆಂದು ತೋಚದೆ ಜಾಗ ಬಿಟ್ಟೆ.

"ನಂದೂ ಬರಿ," ಅಂದಳು, ತಲೆ ಒರೆಸಿಕೊಳ್ಳುತ್ತ.
ಏನಂತ?
"ಇಪ್ಪತ್ತೆಂಟು. ಲೆಕ್ಕಕ್ಕೆ ಬ್ಯಾಡ. ಸುಮ್ನೆ ಬರದಿಡು."

ಕೆಳಗಡೆ, ಸ್ವಲ್ಪ ದೊಡ್ಡದಾಗಿ ಬರೆದೆ.
ಗುಣಿಸಲಿಲ್ಲ.
ಹಾಳೆಯನ್ನು ಜುಲೈ ಹಿಂದೆ ಸಿಕ್ಕಿಸಿ
ಬೆಳಗಿನ ಪಾಳಿಗೆ ಅಲಾರಂ ಇಟ್ಟೆ.