ಹೆಪ್ಪು

ಜಾವಾ ಅಂದರೆ ಸುಂಟಿಕೊಪ್ಪದಲ್ಲಿ ಇನ್ನೂ
ಔಸೇಪಣ್ಣನ ಗ್ಯಾರೇಜಿನ ಹಳೇ ಬೈಕು,
ಎರಡು ಸೈಲೆನ್ಸರಿಗೂ ಒಂದೇ ಕೆಮ್ಮು.
ನಾನು ಹೇಳಿದ್ದು ಅದಲ್ಲ ಅಂದರೆ
ಹಾಗಾದರೆ ಕಾಫಿಯಾ, ಅನ್ನುತ್ತಾರೆ.

ಹಗಲು, ಕ್ಯೂರಿಂಗ್ ವರ್ಕ್ಸಿನ ತೂಕದ ಮೇಜು ನನ್ನದು.
ರಾತ್ರಿ, ಕರೆಂಟಿದ್ದರೆ,
ಬಿಲ್ಲು ಮುದ್ರಿಸುವ ಒಂದು ಪುಟಾಣಿ ತಂತ್ರಾಂಶವನ್ನು
ಡೆಬಿಯನ್ನಿನ ಉಗ್ರಾಣಕ್ಕೆ ಸೇರಿಸುವ ಕೆಲಸ.
ಸಂಬಳವಿಲ್ಲ. ಯಾರೂ ಹಚ್ಚಿದ್ದಲ್ಲ.

ಬರೆದವನು ಜಾರ್ ಒಳಗೆ ಜಾರ್ ತುರುಕಿ ಕಳಿಸಿದ್ದಾನೆ,
ಒಂದು ಮುಚ್ಚಳದಡಿ ಹನ್ನೊಂದು ಮುಚ್ಚಳ.
ಓಡುತ್ತದಲ್ಲ, ಅನ್ನುತ್ತಾನೆ.
ಓಡುತ್ತದೆ, ಮಾರಾಯ.
ಪುಡಿಯಾದ ಮೇಲೆ ಚಿಕೋರಿ ಎಷ್ಟೆಂದು
ಲೋಟ ಹೇಳುತ್ತದೆಯೇ?
ಉಗ್ರಾಣದವರಿಗೆ ಹಣ್ಣು ಬೇಕು,
ಯಾವ ಗಿಡ, ಕುಯ್ದ ಕೈ ಯಾರದು.

ಹನ್ನೊಂದನ್ನೂ ಬಿಚ್ಚಿದೆ.
ಏಳು ಆಗಲೇ ಉಗ್ರಾಣದಲ್ಲಿದ್ದವು, ಸ್ವಲ್ಪ ಬೇರೆ ವಯಸ್ಸಿನವು.
ಮೂರು ಯಾಕಿದ್ದವೋ, ಇಟ್ಟವನಿಗೂ ನೆನಪಿಲ್ಲ.
ಉಳಿದೊಂದು—
ಅದನ್ನು ಕಟ್ಟಲು ಅದೇ ಬೇಕು.
ಆ ಅದನ್ನು ಕಟ್ಟಲು ಅದರ ಹಿಂದಿನದು.

ಹೆಪ್ಪು ತೀರಿದ ದಿನ ಅವ್ವ
ಲೋಟ ಕೊಟ್ಟು ಪಕ್ಕದ ಮನೆಗೆ ಅಟ್ಟುತ್ತಿದ್ದಳು.
ಪಕ್ಕದ ಮನೆಗೆ ಎಲ್ಲಿಂದ ಬಂತು?
ಕೆಳಗಿನ ಲೈನಿನಿಂದ.
ಕೆಳಗಿನ ಲೈನಿಗೆ?
ಸುಮ್ಮನೆ ಹೋಗು, ಹಾಲು ಆರುತ್ತಿದೆ.

ಅದೇ ಲೋಟ ಹಿಡಿದು ಹದಿನೇಳು ವರ್ಷ ಹಿಂದಕ್ಕೆ ನಡೆದೆ,
ಆವೃತ್ತಿಯ ಬಾಗಿಲಿಂದ ಆವೃತ್ತಿಯ ಬಾಗಿಲಿಗೆ.
ಕೆಲವು ಮನೆ ಬಿದ್ದಿದ್ದವು. ಒಂದಕ್ಕೆ ಬೀಗ.
ಕೊಟ್ಟಕೊನೆಗೆ, ಯಾರೋ ಕೈಯಾರೆ ಬರೆದ
ಒಂದು ಸಣ್ಣ ಕಡತ, ತನ್ನನ್ನೇ ತಾನು ಕೇಳದ್ದು:
ಮೊಸರೇ ಇಲ್ಲದ ಮನೆಯಲ್ಲಿ
ಹಾಲಿಗೆ ಹಾಕಿದ ಮೆಣಸಿನ ತೊಟ್ಟು.

ಅಲ್ಲಿಂದ ಇತ್ತ, ಒಂದರಿಂದ ಇನ್ನೊಂದು,
ನೆಟ್ಟಿನ ವೈರು ಕಿತ್ತಿಟ್ಟು
(ಹೊರಗಿನ ಒಂದು ಹನಿಯೂ ಬೀಳಬಾರದು)
ಹದಿನಾಲ್ಕು ರಾತ್ರಿ.
ಹದಿನೈದನೆಯ ಬೆಳಿಗ್ಗೆ ಗಟ್ಟಿಯಾಗಿತ್ತು,
ಲೋಟ ಓರೆ ಮಾಡಿದರೂ ಅಲುಗಲಿಲ್ಲ.

ಕಳಿಸಿದೆ. ಹೂಮಳೆ ಬಂದು ಹೋಯಿತು.
ತೋಟವೆಲ್ಲ ಬೆಳ್ಳಗೆ ಘಮ್ಮೆನ್ನುತ್ತಿದ್ದ ವಾರ
ವಾಪಸು ಬಂತು:
ಒಂದು ಕಡತದ ತಲೆಯಲ್ಲಿ ಬೇರೊಬ್ಬಳ ಹೆಸರಿದೆ,
ನಿಮ್ಮ ಹಕ್ಕಿನ ಪಟ್ಟಿಯಲ್ಲಿ ಅವಳಿಲ್ಲ.
ನಲವತ್ತೆರಡು ಸಾಲು ಬರೆದು ಹೋದವಳು.
ನಾನೇ ನೂರು ಸಲ ದಾಟಿ ಹೋಗಿದ್ದೆ.

ಬುತ್ತಿ ಬಿಚ್ಚುವಾಗ ಕುಂಞಾಮಿನ ಕೇಳಿದಳು,
ಮುಖ ಯಾಕೆ ಹಾಗೆ?
ಇಪ್ಪತ್ತು ವರ್ಷದಿಂದ ಕರಿಕಾಳು ಆರಿಸುವವಳು.
ಹೇಳಿದೆ, ಎಷ್ಟು ತಿಳಿಯಿತೋ.
ನಮ್ಮ ಮೂಟೆಯ ಮೇಲೆ ಎಸ್ಟೇಟಿನ ಹೆಸರು ಬರೀತಾರೆ,
ಅಂದಳು. ಕೈ ತೊಳೆದು
ಮತ್ತೆ ಕಾಳಿನ ಮುಂದೆ ಕೂತಳು.

ಸಂಜೆ ಆ ಹೆಸರು ಸೇರಿಸಿದೆ,
ಅಕ್ಷರ ಅಕ್ಷರ ಎರಡು ಸಲ ನೋಡಿ, ಇಸವಿ ಸಮೇತ.
ಕಿಟಕಿಯಾಚೆ ಔಸೇಪಣ್ಣ ಬೈಕು ಒದೆಯುತ್ತಿದ್ದ.
ಆರನೆಯ ಒದೆಗೆ ಕೆಮ್ಮಿತು, ಏಳಕ್ಕೆ ಹಿಡಿಯಿತು.
ಒದ್ದ ಕಡ್ಡಿಯನ್ನೇ ಮಡಚಿ, ಅದರಲ್ಲೇ ಗೇರು ಹಾಕಿ,
ಏಳನೇ ಹೊಸಕೋಟೆ ಕಡೆಗೆ ಹೊರಟ.