ಹೆಬ್ಬೆಟ್ಟು

ಲುಥುಲಿ ಬೀದಿಯಲ್ಲಿ ನನ್ನದು ಮೂರು ಮೊಳದ ಅಂಗಡಿ.
ಎಡಕ್ಕೆ ಸ್ಪೀಕರು, ಬಲಕ್ಕೆ ಸ್ಪೀಕರು, ನಡುವೆ ನಾನು,
ಇಂಗ್ಲೆಂಡಿನ ಕಚೇರಿಗಳು ಬಿಸಾಕಿದ ಲ್ಯಾಪ್‌ಟಾಪುಗಳನ್ನು
ಒರೆಸಿ, ತೀಡಿ, ನೈರೋಬಿಗೆ ದಾಟಿಸುವವನು.

ಆಗಸ್ಟು ಬಂತೆಂದರೆ ಸುಗ್ಗಿ.
ಸೀಟು ಸಿಕ್ಕ ಮಕ್ಕಳು, ಹಿಂದೆ ಹಿಂದೆ ಅಪ್ಪಂದಿರು.
ನಾನು ಕೇಳುವುದು ಒಂದೇ: ಏನು ಓದುತ್ತೀ?
ಕಾನೂನು ಎಂದರೆ ತೆಳ್ಳನೆಯದು, ಕಟ್ಟಡ ಎಂದರೆ ದಪ್ಪನೆಯದು,
ಗೊತ್ತಿಲ್ಲ ಎಂದರೆ ಹೆಚ್ಚು ಬೆಲೆಯದು.

ಅವರು ಬಂದದ್ದು ಮಂಗಳವಾರ, ತಬಾಕಾ ಕಡೆಯಿಂದ,
ರಾತ್ರಿಯಿಡೀ ಬಸ್ಸಿನಲ್ಲಿ ಕೂತ ಮುಖ ಹೊತ್ತು.
ಬಳಪದ ಕಲ್ಲು ಕೆತ್ತುವ ಒಂಬೊಂಗಿ, ಮಗಳು ಬೊಸಿಬೊರಿ.
ಅವನ ಉಗುರಿನ ಸಂದಿಯಲ್ಲಿ ತೊಳೆದರೂ ಹೋಗದ ಬಿಳಿ ಹುಡಿ.
ಅವಳ ಕೈಯಲ್ಲಿ ದೊಡ್ಡಮ್ಮನ ಮಗ ಬರೆದುಕೊಟ್ಟ ಚೀಟಿ:
ಎಂಟು ಜಿಬಿ, ಎಸ್‌ಎಸ್‌ಡಿ, ಐ-ಫೈವ್,
ಆರನೆಯ ತಲೆಮಾರಿಗಿಂತ ಹಳೆಯದು ಬೇಡ.
ಸಂಖ್ಯಾಶಾಸ್ತ್ರ, ಮಸೆನೊದಲ್ಲಿ, ಅಂದಳು.
ಇಪ್ಪತ್ತೆರಡು ಸಾವಿರ ಇದೆ, ಅಂದ ಅಪ್ಪ, ಕೇಳದೆಯೇ.
ಗಂಟು ಎಷ್ಟೆಂದು ಮೊದಲೇ ಬಿಚ್ಚುವವರನ್ನು
ದೇವರು ನನ್ನಂಥವರಿಗೆಂದೇ ಕಳಿಸುತ್ತಾನೆ.

ಬೆಳ್ಳಿ ಬಣ್ಣದ್ದೊಂದು ತೆಗೆದೆ. ಕನ್ನಡಿಯಂಥ ಮೈ,
ಬೆರಳು ಸೋಕಿದರೆ ಸಾಕು, ಪರದೆ ಪುಟ ತಿರುವುತ್ತಿತ್ತು.
ಚೀಟಿಯ ಸಾಲು ಸಾಲಿಗೂ ಹೂಂ ಅಂದಿತು.
ಹುಡುಗಿಯ ಕಣ್ಣು ಅಲ್ಲೇ ಕೂತಿತು.
ನಾನು ರಸೀದಿ ಪುಸ್ತಕ ಹುಡುಕುತ್ತಿದ್ದೆ.

ಒಂಬೊಂಗಿ ಪರದೆ ನೋಡಲಿಲ್ಲ.
ಮುಚ್ಚಳ ಮುಚ್ಚಿ, ಕಿವಿಯ ಹತ್ತಿರ ಹಿಡಿದು,
ಗೆಣ್ಣಿನಿಂದ ಎರಡು ಸಲ ತಟ್ಟಿದ.
ಕುಂಬಳಕಾಯಿ ಅಲ್ಲ ಯಜಮಾನರೇ, ಎಂದು ನಕ್ಕೆ.
ಬೋರಲು ಹಾಕಿದ. ಹೆಬ್ಬೆರಳಿಟ್ಟು
ಈ ತುದಿಯಿಂದ ಆ ತುದಿಗೆ ಎಳೆದ, ಮೆಲ್ಲಗೆ,
ನಲವತ್ತು ವರ್ಷ ಆನೆ, ಮೀನು, ಬಟ್ಟಲುಗಳ ಮೈಯನ್ನು
ನೀರು ಹಾಕಿ ಉಜ್ಜಿ ನಯ ನೋಡಿದ ಹೆಬ್ಬೆರಳು.
ನಡುವೆ ನಿಂತಿತು. ಹಿಂದಕ್ಕೆ ಬಂತು. ಮತ್ತೆ ಅಲ್ಲೇ ನಿಂತಿತು.
ಇದರ ಹೊಟ್ಟೆ ಉಬ್ಬಿದೆ, ಅಂದ.

ಅಕ್ಕಿಕಾಳಿನಷ್ಟೂ ಇಲ್ಲ ಆ ಉಬ್ಬು, ಕಣ್ಣಿಗೆ ಕಾಣದು.
ಬ್ಯಾಟರಿ ಬಸುರಾಗಿರುವುದು ನನಗೆ ಗೊತ್ತಿತ್ತು,
ನನಗೆ ಮತ್ತು ಮಹಡಿ ಮೇಲಿನ ರಿಪೇರಿ ಹುಡುಗನಿಗೆ.
ಈಗ ಮೂವರಿಗೆ.
ಕಲ್ಲೂ ಹೀಗೇ, ಅಂದ ಅವನು, ಸಿಟ್ಟಿಲ್ಲದೆ.
ಉಳಿ ಇಟ್ಟ ದಿನ ಸೀಳುವುದಿಲ್ಲ.
ಸೀಳುವುದು ಕೆತ್ತಿ ಮುಗಿದ ಮೇಲೆ.

ಏಳು ದಿನದ ಗ್ಯಾರಂಟಿ ಎಂಬ ಮಾತು
ನಾಲಿಗೆಯ ತನಕ ಬಂದು ವಾಪಸು ಹೋಯಿತು.
ಬಗ್ಗಿ, ಕೆಳಗಿನ ಹಲಗೆಯಿಂದ ಎಳೆದೆ
ಇಟ್ಟಿಗೆಯಂಥ ಕರಿಯದೊಂದನ್ನು. ಮೂಲೆ ಜಜ್ಜಿದ್ದು,
ಯಾವ ಪುರಸಭೆಯದೋ ನಂಬರು, ಕೆರೆದರೂ ಬಿಡದ್ದು.
ಬ್ಯಾಟರಿ ಕಳಚಿ ಅವನ ಅಂಗೈಗಿಟ್ಟೆ.
ಎರಡೂ ಮಗ್ಗುಲು ಸವರಿ ಹಿಂದಕ್ಕೆ ಕೊಟ್ಟ. ಮಾತಿಲ್ಲ.

ಬೊಸಿಬೊರಿ ತೆರೆದಳು. ಕೀಲಿಗಳ ಮೇಲೆ
ಎ ಇಲ್ಲ, ಇ ಇಲ್ಲ, ಎನ್ ಅರ್ಧ ಉಳಿದಿದೆ,
ಯಾರದೋ ವರ್ಷಾನುಗಟ್ಟಲೆಯ ಬೆರಳು ತಿಂದದ್ದು.
ಬಗ್ಗಿ ನೋಡಿದಳು.
ಅಂಕಿಗಳನ್ನು ಯಾರೂ ಮುಟ್ಟೇ ಇಲ್ಲ, ಅಂದಳು,
ಬಂದಾಗಿನಿಂದ ಮೊದಲ ಸಲ ಹಲ್ಲು ಕಾಣುವಂತೆ.

ಭಾರ ಕಣಮ್ಮ, ದಿನಾ ಹೊತ್ತರೆ ಹೆಗಲು ಇಳಿಯುತ್ತದೆ, ಎಂದೆ.
ಅಪ್ಪ ಮಗಳು ಮುಖ ಮುಖ ನೋಡಿಕೊಂಡರು.
ಗಣಿಯಿಂದ ಕಲ್ಲು ಹೊತ್ತ ಹೆಗಲು ಅದೆಂದು
ನನಗೆ ಹೇಗೆ ಗೊತ್ತಿರಬೇಕು?

ಹದಿನೇಳಕ್ಕೆ ಕೊಟ್ಟೆ. ಫೋನು ಗುಂಯ್ ಎಂದು ದುಡ್ಡು ಬಂತು.
ಇಲ್ಲೊಂದು ಸಹಿ, ಎಂದೆ. ಮಗಳು ಹಾಕಿದಳು.
ಅವನ ಹೆಬ್ಬೆಟ್ಟು ಅದಾಗಲೇ ಬಿದ್ದಿತ್ತು
ಬೆಳ್ಳಿಯದರ ಬೆನ್ನ ಮೇಲೆ, ಬೆಳ್ಳಗೆ.

ಒರೆಸಲಿಲ್ಲ ನಾನು, ನಾಲ್ಕು ದಿನ.
ಐದನೆಯ ದಿನ ಪತ್ರಿಕೋದ್ಯಮ ಓದುವವನೊಬ್ಬ ಬಂದ.
ಬ್ಯಾಟರಿ ಬದಲಿಸಿಯೇ ಕೊಟ್ಟೆ,
ಎರಡು ಸಾವಿರ ಹೆಚ್ಚು ಹೇಳಿ.